ಕಾಲಡಿಯಲ್ಲಿ ನೀರು, ಬೆಳೆಗೆ ಬಾಯಾರಿಕೆ

ತುಂಗಭದ್ರಾ ಜಲಾಶಯದ ಹತ್ತೊಂಬತ್ತನೇ ಕ್ರಸ್ಟ್‌ಗೇಟ್ 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಆ ಅವಘಡದ ನಂತರ ಎಲ್ಲ 33 ಗೇಟುಗಳನ್ನೂ ಬದಲಿಸುವ ಸಲುವಾಗಿ 2025-26ರ ಸಾಲಿನಲ್ಲಿ ಎರಡನೇ ಬೆಳೆಗೆ ನೀರು ಹರಿಸದಿರಲು ತೀರ್ಮಾನಿಸಲಾಯಿತು. ರೈತರು ಬೀದಿಗಿಳಿದರು, ಪರಿಹಾರ ಕೇಳಿದರು. ರಾಜಕಾರಣಿಗಳು ಪರಸ್ಪರ ದೂಷಿಸಿದರು. ಇವೆಲ್ಲ ಸಹಜವೇ. ಆದರೆ ಅಷ್ಟೂ ದಿನಗಳ ವಾಗ್ವಾದದಲ್ಲಿ ಜಲಾಶಯದಲ್ಲಿ ಎಷ್ಟು ಟಿಎಂಸಿ ಅಡಿ ನೀರಿದೆ, ಕಾಲುವೆಗೆ ಎಷ್ಟು ಕ್ಯುಸೆಕ್ ಬಿಡಬಹುದು ಎಂಬ ಲೆಕ್ಕವಷ್ಟೇ ಕೇಳಿಬಂತು. ಹೊಲದ ಅಡಿಯಲ್ಲಿ, ಮೊಳಕಾಲುದ್ದವೋ ಆಳುದ್ದವೋ ಆಳದಲ್ಲಿ ನಿಂತಿರುವ ನೀರಿನ ಮಾತನ್ನು ಯಾರೂ ಎತ್ತಿದಂತೆ ಕಾಣಲಿಲ್ಲ. ಆ ನೀರು ಉಪ್ಪುನೀರು. ಈ ಅಚ್ಚುಕಟ್ಟಿನಲ್ಲಿ ಬೆಳೆ ಎಷ್ಟು ನೀರು ಕುಡಿಯುತ್ತದೆ, ಕಾಲುವೆಯ ಕೊನೆಯ ರೈತನಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಣೆಕಟ್ಟಿನ ಗೇಟುಗಳಷ್ಟೇ ಅದೂ ನಿರ್ಧರಿಸುತ್ತಿದೆ ಎಂದರೆ ನಗರದ ಓದುಗರಿಗೆ ಆಶ್ಚರ್ಯವಾದೀತು.

ಗಂಗಾವತಿಯಿಂದ ಕಾರಟಗಿ ಮಾರ್ಗವಾಗಿ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಬೇಸಿಗೆಯಲ್ಲಿ ಪ್ರಯಾಣಿಸಿದವರು ಒಂದು ದೃಶ್ಯವನ್ನು ಕಂಡಿರುತ್ತಾರೆ. ಕಣ್ಣು ಹಾಯುವವರೆಗೂ ಗದ್ದೆ. ನಡುವೆ ಅಲ್ಲಲ್ಲಿ ಬದುಗಳ ಅಂಚಿನಲ್ಲಿ, ತಗ್ಗಿನ ಮಡಿಗಳಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿಯ ಪದರ. ಆ ಸೀಮೆಯವರು ಇದಕ್ಕೆ ಇಟ್ಟಿರುವ ಹೆಸರು ಸವಳು. ಅದರ ಜೊತೆಗಾರ ಜವಳು, ಅಂದರೆ ನೀರು ಬಸಿಯದೆ ಕೊಳೆಯುವ ಭೂಮಿ. 'ಸವಳು-ಜವಳು' ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಆ ಜೋಡಿಪದದಲ್ಲಿ ಒಂದು ತಿಳಿವಳಿಕೆ ಅಡಗಿದೆ. ಉಪ್ಪಿನ ಸಮಸ್ಯೆಯೂ ನೀರು ನಿಲ್ಲುವ ಸಮಸ್ಯೆಯೂ ಬೇರೆಬೇರೆಯಲ್ಲ ಎಂಬುದನ್ನು ರೈತರ ಭಾಷೆ ಗುರುತಿಸಿದೆ. ನಮ್ಮ ಇಲಾಖೆಗಳು ಮಾತ್ರ ಒಂದನ್ನು ಕೃಷಿಯವರಿಗೂ ಇನ್ನೊಂದನ್ನು ನೀರಾವರಿಯವರಿಗೂ ಹಂಚಿಕೊಟ್ಟು ನಿಶ್ಚಿಂತವಾಗಿವೆ.

ನೀರು ಮೇಲ್ಮಟ್ಟದಲ್ಲೇ ಇದ್ದರೆ ಬೆಳೆಗೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಅಂತರ್ಜಲ ಸಿಹಿಯಾಗಿದ್ದರೆ, ಬೇರಿನ ವಲಯಕ್ಕಿಂತ ತುಸು ಕೆಳಗಿದ್ದರೆ, ಒಳ್ಳೆಯದೇ. ಹಣತೆಯ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳು ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತವೆ. ಹೊಳೆದಂಡೆಯ ಹೊಲಗಳಲ್ಲಿ ಒಂದೆರಡು ನೀರು ತಪ್ಪಿದರೂ ಬೆಳೆ ಬಾಡದಿರುವುದರ ಗುಟ್ಟು ಇದು. ಜಿಗುಟಾದ ಎರೆಮಣ್ಣಿನಲ್ಲಿ ಈ ಏರಿಕೆ ನಿಧಾನ, ಆದರೆ ಬಹಳ ಎತ್ತರದವರೆಗೆ ಸಾಗುತ್ತದೆ. ಸಾಧಾರಣ ಉಪ್ಪಿರುವ ನೀರನ್ನೂ ಕೂಡ ಬೇರು ಬಲಿತ ಹತ್ತಿ ಗಣನೀಯ ಪ್ರಮಾಣದಲ್ಲಿ ಬಳಸಿಕೊಳ್ಳಬಲ್ಲದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಹತ್ತಿ ಹೊಲಗಳಲ್ಲಿ ನಡೆದ ಪ್ರಯೋಗಗಳು ಇದನ್ನು ತೋರಿಸಿವೆ. ಹಾಗಾಗಿ ಮೇಲ್ಮಟ್ಟದ ಅಂತರ್ಜಲವನ್ನೇ ಶತ್ರುವೆಂದು ಬಗೆಯಬೇಕಿಲ್ಲ. ತೊಂದರೆಯಿರುವುದು ಆ ನೀರು ಮೇಲಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬಲ್ಲಿ.

ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಬೇರು ಹೀರುವುದೂ ಬಹುಪಾಲು ನೀರನ್ನೇ. ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಒಂದು ಸರಳ ಲೆಕ್ಕ ಹಾಕೋಣ. ಅಂತರ್ಜಲದ ಪ್ರತಿ ಲೀಟರಿನಲ್ಲಿ 3 ಗ್ರಾಂ ಲವಣವಿದೆ ಎಂದುಕೊಳ್ಳಿ. ಇದು ಸಮುದ್ರದ ನೀರಿನ ಉಪ್ಪಿನ ಹನ್ನೊಂದನೆಯ ಒಂದು ಪಾಲಿಗಿಂತಲೂ ಕಡಿಮೆ. ಬಾಯಿಗೆ ತುಸು ಉಪ್ಪುಪ್ಪಾಗಿ ಹತ್ತುತ್ತದೆ, ಅಷ್ಟೆ. ದಿನಕ್ಕೆ ಕೇವಲ 1 ಮಿಲಿಮೀಟರಿನಷ್ಟು ನೀರು ಮೇಲೇರಿ ಆವಿಯಾದರೆ ಒಂದು ಎಕರೆಯಲ್ಲಿ ಸುಮಾರು 4,000 ಲೀಟರು. ಅದು ಬಿಟ್ಟುಹೋಗುವ ಉಪ್ಪು 12 ಕಿಲೋ. ನೂರು ದಿನಗಳ ಬೇಸಿಗೆಯಲ್ಲಿ 1,200 ಕಿಲೋ. 50 ಕಿಲೋದ ಇಪ್ಪತ್ತನಾಲ್ಕು ಚೀಲ! ಗೊಬ್ಬರದ ಒಂದೆರಡು ಚೀಲಕ್ಕಾಗಿ ಸೊಸೈಟಿಯ ಮುಂದೆ ಸರದಿ ನಿಲ್ಲುವ ರೈತನ ಎಕರೆ ಹೊಲಕ್ಕೆ, ಯಾರ ಕಣ್ಣಿಗೂ ಬೀಳದಂತೆ ಇಷ್ಟು ಉಪ್ಪು ಕೆಳಗಿನಿಂದ ಬಂದು ಬೀಳಬಹುದು. ಮೇಲಿನಿಂದ ಹರಿಸುವ ಕಾಲುವೆ ನೀರೂ ಲವಣಮುಕ್ತವಲ್ಲ. ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ಉತ್ತಮ ನೀರನ್ನೇ ಒಂದು ಮೀಟರ್ ಲೆಕ್ಕದಲ್ಲಿ ಎಕರೆಗೆ ಹಾಯಿಸಿದರೂ 800 ಕಿಲೋ ಉಪ್ಪು ಜೊತೆಯಲ್ಲಿ ಬಂದಿರುತ್ತದೆ. ಭತ್ತಕ್ಕೆ ಒಂದು ಮೀಟರ್ ಸಾಲುವುದೂ ಇಲ್ಲ.

ಬೇರಿನ ಸುತ್ತ ಉಪ್ಪು ಕೂಡಿದಾಗ ಬೆಳೆಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಅಡುಗೆಮನೆ ಸಾಕು. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಹೋಳು ಸುಕ್ಕಿ, ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಹೊಲದಲ್ಲಿ ಬೇರು ಅದೇ ಉಪ್ಪಿನ ಜೊತೆ ಜಗ್ಗಾಡಿ ನೀರು ಪಡೆಯಬೇಕು. ಉಪ್ಪು ಹೆಚ್ಚಿದಷ್ಟೂ ಜಗ್ಗಾಟ ಕಷ್ಟವಾಗುತ್ತದೆ. ಒಂದು ಹಂತ ದಾಟಿದ ಮೇಲೆ ಎಲೆಗಳು ತಮ್ಮ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ನೀರಿನ ಬಳಕೆ ಇಳಿಯುತ್ತದೆ. ಅದರೊಂದಿಗೆ ಇಂಗಾಲಾಮ್ಲದ ಸೇವನೆಯೂ ಇಳಿದು ಬೆಳವಣಿಗೆ ಕುಂಠಿತವಾಗುತ್ತದೆ. ಬೆಳೆಯ ಮೈ ತುಂಬುವುದು ಅದು ಎಲೆಯ ಮೂಲಕ ಹೊರಬಿಡುವ ನೀರಿಗೆ ಹೆಚ್ಚುಕಡಿಮೆ ಅನುಪಾತದಲ್ಲಿ ಎಂಬುದು ಕೃಷಿ ವಿಜ್ಞಾನದ ಹಳೆಯ ಪಾಠ. ಕಡಿಮೆ ಕುಡಿದ ಬೆಳೆ ಕಡಿಮೆ ಕೊಡುತ್ತದೆ. ಇದರ ಮೇಲೆ ನೀರೂ ನಿಂತಿತೆಂದರೆ ಕಷ್ಟ ಇಮ್ಮಡಿ. ಉಪ್ಪನ್ನು ಹೊರಗೇ ತಡೆಯಲು ಬೇರಿಗೆ ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು; ಜವಳಿನಲ್ಲಿ ಆ ಉಸಿರೇ ಇರುವುದಿಲ್ಲ.

ಹೀಗೆ ಒದ್ದೆ ನೆಲದಲ್ಲಿ ನಿಂತ ಬೆಳೆ ಬರಗಾಲದ ಬೆಳೆಯಂತೆ ಬಾಡುತ್ತದೆ. ಬಾಡಿದ ಬೆಳೆಯನ್ನು ಕಂಡ ರೈತ ಏನು ಮಾಡಿಯಾನು? ನೀರು ಕಟ್ಟುತ್ತಾನೆ. ಆ ನೀರು ಉಪ್ಪನ್ನು ತಾತ್ಕಾಲಿಕವಾಗಿ ಕೆಳಕ್ಕೆ ತಳ್ಳುವುದರಿಂದ ಬೆಳೆ ತುಸು ಚೇತರಿಸಿಕೊಳ್ಳುವುದೂ ಉಂಟು. ಆದರೆ ಬಸಿದುಹೋಗಲು ದಾರಿಯಿಲ್ಲದ ಕಡೆ ಅದೇ ನೀರು ಅಂತರ್ಜಲವನ್ನು ಇನ್ನೊಂದಷ್ಟು ಮೇಲಕ್ಕೆ ತರುತ್ತದೆ. ಮುಂದಿನ ವಾರ ಉಪ್ಪು ಮತ್ತೆ ಹಾಜರು. ಇಲಾಖೆಯ ಪುಸ್ತಕದಲ್ಲಿ ಆ ಹೊಲದ ನೀರಿನ ಬಳಕೆ ಏರಿದೆ. ಬೆಳೆ ಕುಡಿದ ನೀರು ಇಳಿದಿದೆ. ಕಾಲುವೆ ಬಿಟ್ಟ ನೀರಿಗೂ ಬೆಳೆ ಕುಡಿದ ನೀರಿಗೂ ನಡುವಿನ ಈ ಅಂತರವನ್ನು ಅಳೆಯುವ ಅಭ್ಯಾಸ ನಮ್ಮ ನೀರಾವರಿ ಆಡಳಿತಕ್ಕೆ ಬಂದಿಲ್ಲ.

ತುಂಗಭದ್ರಾ ಅಚ್ಚುಕಟ್ಟಿನ ಬಗ್ಗೆ ಮಾತು ಬಂದಾಗಲೆಲ್ಲ ಮೇಲ್ಭಾಗದ ಭತ್ತದ ಬೆಳೆಗಾರರನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದು ವಾಡಿಕೆ. ಆರೋಪದಲ್ಲಿ ಹುರುಳಿಲ್ಲವೆಂದಲ್ಲ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಹರಿಸಿದ ಈ ಯೋಜನೆ, ಬರಕ್ಕೆ ಹೆಸರಾದ ಸೀಮೆಯಲ್ಲಿ ಸಾಧ್ಯವಾದಷ್ಟು ಹೆಚ್ಚು ನೆಲಕ್ಕೆ ಸ್ವಲ್ಪಸ್ವಲ್ಪ ನೀರು ಕೊಡುವ ಉದ್ದೇಶದ್ದು. ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಎಡದಂಡೆಯ ಸುಮಾರು 6 ಲಕ್ಷ ಎಕರೆಯಲ್ಲಿ ಬಹುಪಾಲು ಅರೆ ನೀರಾವರಿ ಬೆಳೆಗಳಿಗೆ ಮೀಸಲು. ಭತ್ತಕ್ಕೆ ಗೊತ್ತುಪಡಿಸಿದ್ದು ಸಣ್ಣ ಪಾಲು. ಕರಾವಳಿ ಆಂಧ್ರದಿಂದ ಬಂದು 'ಕ್ಯಾಂಪ್'ಗಳಲ್ಲಿ ನೆಲೆಸಿದವರು ಭತ್ತದ ಬೇಸಾಯವನ್ನು ವಿಸ್ತರಿಸಿದರು. ಸ್ಥಳೀಯರೂ ಹಿಂದೆ ಬೀಳಲಿಲ್ಲ. ಗಂಗಾವತಿ ಭತ್ತದ ಕಣಜವಾಯಿತು. ಬೆಂಗಳೂರಿನ ಮನೆಮನೆಯಲ್ಲಿ ಸೋನಾ ಮಸೂರಿ ಅನ್ನ ಬೇಯತೊಡಗಿತು. ಕಾಲುವೆಯ ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ಪ್ರತಿ ವರ್ಷವೆಂಬಂತೆ ರಸ್ತೆ ತಡೆ ನಡೆಸತೊಡಗಿದರು. ಎಡದಂಡೆಯ ನೀರು ಹಂಚಿಕೆಯ ರಾಜಕಾರಣವನ್ನು ಡಚ್ ಸಂಶೋಧಕ ಪೀಟರ್ ಮೊಲಿಂಗಾ ವಿವರವಾಗಿ ದಾಖಲಿಸಿದ್ದಾರೆ. ತೂಬಿನ ಬಾಗಿಲು ಎಷ್ಟು ಎತ್ತಬೇಕೆಂಬುದು ತಾಂತ್ರಿಕ ಪ್ರಶ್ನೆಯಷ್ಟೇ ಅಲ್ಲ, ಬಲಾಬಲದ ಪ್ರಶ್ನೆ ಎಂಬುದು ಅಲ್ಲಿ ಮನದಟ್ಟಾಗುತ್ತದೆ.

ಇಷ್ಟೇ ಕಥೆಯಾಗಿದ್ದರೆ ಕಾನೂನಿನ ಬಿಗಿಯಿಂದ ಪರಿಹಾರ ಸಾಧ್ಯವಿತ್ತು. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಂತರ್ಜಲ ಮೇಲೇರಿ ಉಪ್ಪಾದ ಹೊಲದಲ್ಲಿ ಇಂದು ಭತ್ತ ಬಿಟ್ಟು ಬೇರೇನು ಬೆಳೆಯಬಹುದು? ಬೆಳೆಗಳ ಉಪ್ಪು ಸಹಿಸುವ ಶಕ್ತಿಯನ್ನು ಮಣ್ಣಿನ ರಸದ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಮೀಟರಿಗೆ 4 ಡೆಸಿಸೀಮನ್ ದಾಟಿದರೆ ಅದು ಸವಳು ಭೂಮಿ. ಇಳುವರಿ ಇಳಿಯತೊಡಗುವ ಮಿತಿ ಕಬ್ಬಿಗೆ, ಮೆಕ್ಕೆಜೋಳಕ್ಕೆ 1.7, ಭತ್ತಕ್ಕೆ 3, ಶೇಂಗಾಕ್ಕೆ 3.2; ಜೋಳಕ್ಕೆ 6.8, ಹತ್ತಿಗೆ 7.7. ಈ ಪಟ್ಟಿ ನೋಡಿದರೆ ಭತ್ತ ಸವಳು ಭೂಮಿಯ ಬೆಳೆಯೇ ಅಲ್ಲ. ಆದರೂ ಅದು ಅಲ್ಲಿ ಬದುಕುತ್ತದೆ, ಏಕೆಂದರೆ ಗದ್ದೆಯಲ್ಲಿ ನಿಲ್ಲಿಸಿದ ಸಿಹಿನೀರು ಉಪ್ಪನ್ನು ಸತತವಾಗಿ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಹತ್ತಿಗೆ ಉಪ್ಪು ಸಹ್ಯ, ಕೆಸರು ಅಸಹ್ಯ. ಜೋಳವೂ ನೆಲ ಕೊಳೆತಲ್ಲಿ ಉದ್ಧಾರವಾಗದು. ಕೆಸರನ್ನು ಸಹಿಸುವ ಬೆಳೆ ಭತ್ತವೊಂದೇ. ಅತಿಯಾದ ಭತ್ತದಿಂದ ಅಂತರ್ಜಲ ಏರಿತು; ಏರಿದ ಉಪ್ಪು ಅಂತರ್ಜಲ ಭತ್ತವನ್ನು ಅನಿವಾರ್ಯವಾಗಿಸಿತು. ಮೇಲ್ಭಾಗದ ತಗ್ಗು ಹೊಲಗಳ ರೈತ ಈಗ ನೀರು ನಿಲ್ಲಿಸುವುದು ಲಾಭದ ಆಸೆಯಿಂದ ಮಾತ್ರವಲ್ಲ, ನೆಲ ಕೈತಪ್ಪದಿರಲಿ ಎಂಬ ಭಯದಿಂದಲೂ ಹೌದು.

ಈ ಭಯಕ್ಕೆ ಬೆಲೆ ತೆರುವವರು ಕೆಳಭಾಗದವರು. ಮೇಲ್ಭಾಗದ ಗದ್ದೆಯಲ್ಲಿ ಉಪ್ಪನ್ನು ಒತ್ತಿ ಹಿಡಿಯಲು ಬಳಕೆಯಾಗುವ ನೀರು ಯಾವ ಕಾಳಿಗೂ ಸೇರುವುದಿಲ್ಲ. ಆದರೆ ಆ ನೀರಿಲ್ಲದೆ ಮಾನ್ವಿಯ ಹತ್ತಿ ಒಣಗುತ್ತದೆ. 'ಭತ್ತ ಬೆಳೆಯಬೇಡಿ' ಎಂದು ಪ್ರತಿ ಹಂಗಾಮಿನಲ್ಲಿ ಹೊರಬೀಳುವ ಪ್ರಕಟಣೆ, ಬಸಿಗಾಲುವೆಯಿಲ್ಲದ ಹೊಲದ ರೈತನಿಗೆ 'ಹೊಲ ಬಿಟ್ಟುಬಿಡಿ' ಎಂದು ಹೇಳಿದಂತೆ. ಅವನು ಅದನ್ನು ಪಾಲಿಸುವುದಿಲ್ಲ, ಪಾಲಿಸಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ನೀರುಳಿಸುವ ಕೂರಿಗೆ ಭತ್ತ ಒಳ್ಳೆಯ ಪ್ರಯತ್ನವೇ. ಆದರೆ ಸಸಿಯ ಹಂತದಲ್ಲಿ ಭತ್ತ ಉಪ್ಪಿಗೆ ಬಹಳ ಮೆತ್ತಗೆ; ಸವಳು ಹೊಲಕ್ಕೂ ಒಣ ಹೊಲಕ್ಕೂ ಒಂದೇ ಶಿಫಾರಸು ಹಂಚುವಂತಿಲ್ಲ.

ನೀರು ತಂದಲ್ಲಿ ನೀರು ಬಸಿಯುವ ದಾರಿಯನ್ನೂ ಮಾಡಬೇಕೆಂಬುದು ಹೊಸ ಜ್ಞಾನವೇನಲ್ಲ. ದಕ್ಷಿಣ ಮೆಸೊಪಟೇಮಿಯಾದಲ್ಲಿ ಗೋಧಿ ಹಿಂದೆ ಸರಿದು ಉಪ್ಪು ಸಹಿಸುವ ಬಾರ್ಲಿ ಅದರ ಜಾಗ ಹಿಡಿದದ್ದನ್ನು ಜೇಕಬ್ಸನ್ ಮತ್ತು ಆ್ಯಡಮ್ಸ್ 1958ರಲ್ಲೇ ಬರೆದರು. ಅಷ್ಟು ದೂರ ಹೋಗುವುದೂ ಬೇಡ. ಉತ್ತರ ಭಾರತದ ಕಾಲುವೆ ಸೀಮೆಗಳಲ್ಲಿ 'ರೇಹ್' ಎಂಬ ಬಿಳಿ ಉಪ್ಪು ಹೊಲಗಳನ್ನು ನುಂಗುತ್ತಿದೆಯೆಂದು ಬ್ರಿಟಿಷ್ ಸರ್ಕಾರ 1870ರ ದಶಕದಲ್ಲೇ ಸಮಿತಿಯೊಂದನ್ನು ನೇಮಿಸಿತ್ತು. ಮುಕ್ಕಾಲು ಶತಮಾನದ ನಂತರ ಎರೆಭೂಮಿಗೆ ನೀರು ಹರಿಸಿದ ನಾವು, ಕಾಲುವೆಗಳನ್ನು ಶ್ರದ್ಧೆಯಿಂದ ಕಟ್ಟಿ ಬಸಿಗಾಲುವೆಗಳನ್ನು ಮುಂದಿನವರ ಪಾಲಿಗೆ ಬಿಟ್ಟೆವು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ತಾನಾಗಿ ಇಳಿಯುವುದು ಅತಿ ನಿಧಾನ. ಅದರ ಆಳದ ಪದರಗಳಲ್ಲಿ ಮೊದಲೇ ಉಪ್ಪಿತ್ತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಅದು ತನ್ನ ಪಾಡಿಗೆ ಮಲಗಿತ್ತು. ಅದರ ಮೇಲೆ ಹಿಂಗಾರಿ ಬಿಳಿಜೋಳ ಉಳಿಕೆ ತೇವದಲ್ಲೇ ಬೆಳೆದು ನಿಲ್ಲುತ್ತಿತ್ತು.

ಪರಿಹಾರಗಳು ಅಜ್ಞಾತವಲ್ಲ. ಕರ್ನಾಲ್‌ನಲ್ಲಿ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಸ್ಥಾಪನೆಯಾದದ್ದು 1969ರಲ್ಲಿ. ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರವೊಂದು ಗಂಗಾವತಿಯಲ್ಲೇ ಇದೆ. ನೆಲದೊಳಗೆ ಒಂದು, ಒಂದೂವರೆ ಮೀಟರ್ ಆಳದಲ್ಲಿ ತೂತಿರುವ ಪಿವಿಸಿ ಕೊಳವೆಗಳನ್ನು ಸೋಸುಬಟ್ಟೆ ಸುತ್ತಿ ಹೂತು, ಬಸಿದ ಉಪ್ಪುನೀರನ್ನು ಹಳ್ಳಕ್ಕೆ ಬಿಡುವುದು ಒಂದು ವಿಧಾನ. ಹರಿಯಾಣದಲ್ಲಿ ಇದರ ಪ್ರಯೋಗ 1980ರ ದಶಕದಷ್ಟು ಹಳೆಯದು. ನಮ್ಮಲ್ಲೂ ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ, ಕೃಷ್ಣೆಯ ದಂಡೆಯ ಸವಳು ಹೊಲಗಳಲ್ಲಿ ಹೀಗೆ ಕೊಳವೆ ಹೂತು ಮತ್ತೆ ಕಬ್ಬು ಬೆಳೆದಿದ್ದಾರೆ. ಮೇಲೆ ಹೇಳಿದ ಪಟ್ಟಿಯಲ್ಲಿ ಅತಿ ಮೆತ್ತಗಿನ ಬೆಳೆ ಅದು ಎಂಬುದನ್ನು ಗಮನಿಸಬೇಕು. ಎರೆಮಣ್ಣಿನಲ್ಲಿ ಕೊಳವೆಗಳನ್ನು ಹತ್ತಿರಹತ್ತಿರ ಹಾಕಬೇಕಾದ್ದರಿಂದ ಖರ್ಚು ಹೆಚ್ಚು. ಒಬ್ಬನೇ ರೈತ ಇದನ್ನು ಮಾಡಿಕೊಳ್ಳಲೂ ಆಗದು. ಬಸಿದ ನೀರು ಪಕ್ಕದವರ ಹೊಲ ದಾಟಿಯೇ ಹಳ್ಳ ಸೇರಬೇಕು. ಆ ಹಳ್ಳವೋ ಒತ್ತುವರಿಯಾಗಿ, ಬಳ್ಳಾರಿ ಜಾಲಿ ಬೆಳೆದು ಮುಚ್ಚಿಹೋಗಿರುತ್ತದೆ. ಕಾಲುವೆಯಂತೆಯೇ ಬಸಿಗಾಲುವೆಯೂ ಸಾರ್ವಜನಿಕ ಕಾಮಗಾರಿ. ಅದನ್ನು ಸರ್ಕಾರವೇ ಮಾಡಬೇಕು.

ಬಸಿದ ಉಪ್ಪು ಎಲ್ಲಿ ಹೋಗಬೇಕು ಎಂಬ ಪ್ರಶ್ನೆಯನ್ನು ಜಾರಿಸಿಕೊಳ್ಳುವಂತಿಲ್ಲ. ಹಳ್ಳಗಳೆಲ್ಲ ಕಡೆಗೆ ಸೇರುವುದು ತುಂಗಭದ್ರೆಯನ್ನೇ. ಕೆಳಗಿನ ಊರುಗಳು ಕುಡಿಯುವುದು ಆ ನೀರನ್ನೇ. ಸ್ಯಾನ್ ವಾಕಿನ್ ಕಣಿವೆಯ ಬಸಿನೀರನ್ನು ಕೆಸ್ಟರ್‌ಸನ್ ಎಂಬಲ್ಲಿ ಕೊಳಗಳಲ್ಲಿ ಸಂಗ್ರಹಿಸಿದಾಗ, ಅದರಲ್ಲಿದ್ದ ಸೆಲೆನಿಯಮ್‌ನಿಂದ ನೀರುಹಕ್ಕಿಗಳ ಮರಿಗಳು ವಿಕಾರವಾಗಿ ಹುಟ್ಟಿದ್ದು 1983ರಲ್ಲಿ ಬೆಳಕಿಗೆ ಬಂತು. ನಮ್ಮ ಬಸಿನೀರಿನಲ್ಲಿ ಏನೇನಿದೆ ಎಂದು ಪರೀಕ್ಷಿಸಿ, ನದಿ ತುಂಬಿ ಹರಿಯುವ ತಿಂಗಳುಗಳಲ್ಲಿ ಮಾತ್ರ ಅದನ್ನು ಹೊರಬಿಡುವ, ಉಳಿದ ದಿನಗಳಲ್ಲಿ ಕಾಲುವೆ ನೀರಿನೊಂದಿಗೆ ಬೆರೆಸಿ ಹತ್ತಿ, ಜೋಳಗಳಿಗೆ ಬಳಸುವ ಏರ್ಪಾಡು ಯೋಜನೆಯ ಭಾಗವಾಗಬೇಕು. ಬಸಿಯುವ ನೀರೇ ಕಡಿಮೆಯಾಗುವಂತೆ ನೀರು ಕಟ್ಟುವುದು ಎಲ್ಲಕ್ಕಿಂತ ಅಗ್ಗ.

ಈಗ ಸರ್ಕಾರದ ಗಮನವೆಲ್ಲ ಸಂಗ್ರಹಣೆಯ ಮೇಲಿದೆ. ಆರಂಭದಲ್ಲಿ 133 ಟಿಎಂಸಿ ಅಡಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ವರ್ಷಗಳಿಂದ ಓಡಾಡುತ್ತಿದೆ. ನವಲಿ ಬೇಡವೆನ್ನುವುದು ನನ್ನ ವಾದವಲ್ಲ. ಆದರೆ ಅಲ್ಲಿ ಉಳಿಸಿದ ನೀರನ್ನು ಇದೇ ಬಸಿಯದ ನೆಲಕ್ಕೆ ಇದೇ ರೀತಿ ಹರಿಸಿದರೆ ಅದರಲ್ಲಿ ದೊಡ್ಡ ಪಾಲು ಮತ್ತೆ ಉಪ್ಪನ್ನು ಒತ್ತಿ ಹಿಡಿಯುವ ಕೆಲಸಕ್ಕೇ ಹೋಗುತ್ತದೆ. ಕಾಲುವೆಗೆ ಸಿಮೆಂಟ್ ಹೊದಿಕೆ ಹಾಕುವುದರಿಂದ ಸೋರಿಕೆ ತಗ್ಗುವುದು ನಿಜ. ಹೊಲದಲ್ಲೇ ನಿಂತ ನೀರಿಗೆ ಅದರಿಂದ ದಾರಿಯಾಗುವುದಿಲ್ಲ.

ಎರಡನೇ ಬೆಳೆಯಿಲ್ಲದ ಆ ಹಂಗಾಮು ಈ ದೃಷ್ಟಿಯಿಂದ ಒಂದು ಅಪರೂಪದ ಅವಕಾಶವಾಗಿತ್ತು. ಕಾಲುವೆ ನಿಂತಾಗ ಅಂತರ್ಜಲ ಇಳಿಯುತ್ತದೆ. ಆದರೆ ಇಳಿಯುವ ದಿನಗಳಲ್ಲೇ, ಬೆಳೆಯ ನೆರಳೂ ಇಲ್ಲದ ಬಯಲಿನಲ್ಲಿ, ಉಪ್ಪು ಮೇಲಕ್ಕೆ ಏರುತ್ತದೆ. ಹೊಲ ಒಣಗಿದ್ದಾಗ ಮೇಲ್ಮಣ್ಣನ್ನು ಉಳುಮೆಯಿಂದ ಸಡಿಲಿಸಿ, ಹೊಟ್ಟು-ಹುಲ್ಲಿನ ಹೊದಿಕೆ ಹಾಕಿ ಆ ಏರಿಕೆಯನ್ನು ತಡೆಯಬಹುದು. ಎರೆಭೂಮಿಯಲ್ಲಿ ಅಗೆತದ ಯಂತ್ರ ಇಳಿಸಲು ಸಾಧ್ಯವಾಗುವುದೂ ಒಣಗಿದಾಗಲೇ. ಗೇಟು ಕೂರಿಸಲು ನದಿ ಬತ್ತುವುದನ್ನು ಕಾದವರು, ಬಸಿಗಾಲುವೆ ತೋಡಲು ಹೊಲ ಒಣಗುವುದನ್ನೂ ಕಾಯಬಹುದಿತ್ತು. ಇಂಥ ಅವಕಾಶ ಮತ್ತೆ ದೊಡ್ಡದಾಗಿ ಬಾರದಿದ್ದರೂ ಪ್ರತಿ ಬೇಸಿಗೆಯಲ್ಲಿ ಕಾಲುವೆ ಮುಚ್ಚುವ ಕೆಲವು ವಾರಗಳಾದರೂ ಸಿಗುತ್ತವೆ. ಒಂದೊಂದು ವಿತರಣಾ ಕಾಲುವೆಯ ಹಳ್ಳವನ್ನು ಆ ವಾರಗಳಲ್ಲಿ ಬಿಡಿಸುತ್ತ ಹೋಗಬಹುದು.

ಅದಕ್ಕೂ ಮೊದಲು ಆಗಬೇಕಾದ, ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. ಪ್ರತಿ ಹಂಗಾಮಿಗೆ ಮುನ್ನ ನೀರಾವರಿ ಸಲಹಾ ಸಮಿತಿ ಸೇರಿ ಜಲಾಶಯದ ಮಟ್ಟ ನೋಡಿ ನೀರು ಬಿಡುವ ದಿನಾಂಕ ಗೊತ್ತುಮಾಡುತ್ತದೆ. ಹೊಲಗಳಲ್ಲಿ ಕೊಳವೆ ನೆಟ್ಟು ಅಳೆದ ಅಂತರ್ಜಲದ ಆಳ ಮತ್ತು ಉಪ್ಪಿನ ಪ್ರಮಾಣ, ವಿತರಣಾ ಕಾಲುವೆವಾರು, ಅದೇ ಸಭೆಯ ಮೇಜಿನ ಮೇಲೆ ಬರಲಿ. ಗಂಗಾವತಿ ಕೇಂದ್ರದ ಮಣ್ಣು ವಿಜ್ಞಾನಿಗಳೂ ಆ ಸಭೆಯಲ್ಲಿ ಕೂರಲಿ. ಯಾವ ಕಾಲುವೆಯ ಕೆಳಗೆ ನೀರು ಒಂದು ಮೀಟರಿನೊಳಗಿದೆಯೋ ಅಲ್ಲಿ ಆ ವರ್ಷ ಬಸಿಗಾಲುವೆಯ ಕೆಲಸ. ಎಲ್ಲಿ ಅದು ಆಳಕ್ಕಿಳಿದು ಸಿಹಿಯಾಗಿದೆಯೋ ಅಲ್ಲಿ ಹತ್ತಿಗೆ ಒಂದೆರಡು ನೀರು ಕಡಿತ. ಹಾಗೆ ಉಳಿದ ನೀರು ಮಾನ್ವಿಯ ಕೊನೆಯ ತೂಬಿಗೆ ತಲುಪಿತೋ ಇಲ್ಲವೋ ಎಂಬುದನ್ನು ಮುಂದಿನ ಸಭೆಯಲ್ಲಿ ಕೇಳಬಹುದು.